ಕಾಲು ನೋವು, ಮುಂದೆ ಮ್ಯಾರಥಾನ್: ಸೈಕಲ್ಲೋ, ನೀರೋ, ನಡಿಗೆಯೋ, ಇಲ್ಲಾ ಸುಮ್ನೆ ಕೂಡುವುದೋ?

ಹುಬ್ಬಳ್ಳಿಯ ತೋಳನಕೆರೆ ದಂಡೆಯಲ್ಲಿ ದಿನಾ ಬೆಳಿಗ್ಗೆ ಒಬ್ಬ ಅಜ್ಜ ಸಿಗುತ್ತಾರೆ. ನಾನು ಓಡುತ್ತಿದ್ದ ಎರಡು ವರ್ಷ ಅವರು ಒಮ್ಮೆಯೂ ಮಾತಾಡಿಸಿರಲಿಲ್ಲ. ಹೋದ ವರ್ಷ ಕುಂಟುತ್ತ ನಡೆಯತೊಡಗಿದೆ ನೋಡಿ, ದಿನಾ ನಿಲ್ಲಿಸತೊಡಗಿದರು. "ಯಾಕ್ರಿ ಸರ, ಇವತ್ತೂ ಓಡಂಗಿಲ್ಲೇನ್ರಿ?" ಅಂತ ಶುರು. ಆಮೇಲೆ ಬೆಚ್ಚಗಿನ ಎಣ್ಣೆ ಹಚ್ಚಿ ತಿಕ್ಕುವ ಉಪದೇಶ. ಆಫೀಸಿನಲ್ಲಿ ಒಬ್ಬರು ನೋವಿನ ಗುಳಿಗೆಯ ಹೆಸರು ಚೀಟಿಯಲ್ಲಿ ಬರೆದುಕೊಟ್ಟರು. ಓಟದ ಗೆಳೆಯರು ಸೈಕಲ್ ತುಳಿ ಅಂದರು. ಮನೆಯಲ್ಲಿ ಹೆಂಡತಿ, "ಎರಡ ತಿಂಗಳ ಸುಮ್ನ ಕೂಡ್ರಿ, ಏನ ಆಗ್ತದ?" ಅಂದಳು.

ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡಿ ನೋಡಿದ್ದೇನೆ, ಎಣ್ಣೆ ಸಹಿತ. ಯಾವುದು ಯಾರಿಗೆ ಆಗುತ್ತದೆ, ಯಾವುದು ಆಗೋದಿಲ್ಲ ಅಂತ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ತಪ್ಪು ಮಾಡುವುದರಲ್ಲಿ ಅನುಭವ ಚೆನ್ನಾಗಿದೆ.

ನನ್ನ ಕಥೆ ಚಿಕ್ಕದು. ಮುಂಬೈ ಮ್ಯಾರಥಾನ್ ಜನವರಿಯ ಮೂರನೇ ಭಾನುವಾರ ನಡೆಯುತ್ತದೆ. ಅದಕ್ಕೆ ಫುಲ್ ಅಂದರೆ 42.195 ಕಿ.ಮೀ. ಓಡಲು ಹೆಸರು ಕೊಟ್ಟಿದ್ದೆ. ಮಳೆಗಾಲದಲ್ಲಿ ಮಣ್ಣಿನ ದಾರಿ ಕೆಸರಾಗುತ್ತದೆ ಅಂತ ಬರೀ ಡಾಂಬರು, ಕಾಂಕ್ರೀಟ್ ಮೇಲೆ ಓಡಿದೆ. ವಾರಕ್ಕೆ 35 ಕಿ.ಮೀ. ಇದ್ದದ್ದನ್ನು ಮೂರೇ ವಾರದಲ್ಲಿ 52ಕ್ಕೆ ಏರಿಸಿದೆ. ಅದೇ ಹೊತ್ತಿಗೆ ನೃಪತುಂಗ ಬೆಟ್ಟ ಹತ್ತಿ ಇಳಿಯುವ ಹುಚ್ಚು ಬೇರೆ. ಸೆಪ್ಟೆಂಬರ್ ಕೊನೆಗೆ ಬಲಗಾಲಿನ ಮುಂದಿನ ಎಲುಬಿನ ಒಳಬದಿಗೆ ನೋವು ಬಂತು. ಬರದೆ ಇನ್ನೇನು?

ಮೊದಲು ನೋವು ಯಾವುದು ಅಂತ ಗೊತ್ತಾಗಲಿ

ಸೈಕಲ್ ಒಳ್ಳೇದೋ ಈಜು ಒಳ್ಳೇದೋ ಅಂತ ಕೇಳುವ ಮೊದಲು ಇದು ಗೊತ್ತಿರಬೇಕು. ಒಂದು ಗಾಯಕ್ಕೆ ಔಷಧವಾಗುವುದು ಇನ್ನೊಂದಕ್ಕೆ ವಿಷ.

ಮೊಣಕಾಲ ಕೆಳಗಿನ ಎಲುಬಿನ ನೋವನ್ನೇ ತಗೊಳ್ಳಿ. ಎಲುಬಿನ ಒಳಬದಿಯ ಅಂಚಿನುದ್ದಕ್ಕೂ ಬೆರಳಿಂದ ಒತ್ತುತ್ತ ಹೋಗಿ. ನಾಲ್ಕೈದು ಬೆರಳಿನ ಅಗಲಕ್ಕೆ ಹರಡಿದ ನೋವಾದರೆ, ಓಡುತ್ತ ಮೈ ಬೆಚ್ಚಗಾದ ಮೇಲೆ ಸ್ವಲ್ಪ ಕಡಿಮೆ ಅನ್ನಿಸಿದರೆ, ಅದು ಹೆಚ್ಚಾಗಿ ಶಿನ್ ಸ್ಪ್ಲಿಂಟ್ಸ್. ಒಂದೇ ಬೆರಳ ತುದಿಯಷ್ಟು ಜಾಗದಲ್ಲಿ ಚುರಕ್ ಅಂದರೆ, ಓಡಿದಷ್ಟೂ ಜಾಸ್ತಿಯಾದರೆ, ರಾತ್ರಿ ಮಲಗಿದಾಗಲೂ ಮಿಡಿದರೆ, ಎಲುಬಿನಲ್ಲೇ ಸಣ್ಣ ಬಿರುಕು ಅಂದರೆ ಸ್ಟ್ರೆಸ್ ಫ್ರಾಕ್ಚರ್ ಇರಬಹುದು. ಇಲ್ಲಿ ಒಂದು ಮೋಸ ಇದೆ. ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಬಹಳ ಸಲ ಕಾಣುವುದೇ ಇಲ್ಲ. ಎಂಆರ್‌ಐಯಲ್ಲಿ ಬೇಗ ಕಾಣುತ್ತದೆ. ನನ್ನ ಎಕ್ಸ್‌ರೇ ನೋಡಿದವರು "ಏನೂ ಇಲ್ರಿ, ಓಡ್ರಿ" ಅಂದರು. ನಾನು ಮರುದಿನವೇ 8 ಕಿ.ಮೀ. ಓಡಿದೆ. ಎರಡು ವಾರ ಆದ ಮೇಲೆ ಎಂಆರ್‌ಐ ಮಾಡಿಸಿದಾಗ ಎಲುಬಿಗೆ ಪೆಟ್ಟು ಬಿದ್ದದ್ದು ಗೊತ್ತಾಯಿತು. ಪೂರ್ತಿ ಬಿರುಕಲ್ಲ, ಅದರ ಹಿಂದಿನ ಹಂತ. ಆರು ವಾರ ಓಟ ಬಂದ್.

ಬೇರೆ ನೋವುಗಳಿಗೂ ಅವುಗಳದೇ ಗುರುತು ಇರುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿಯ ತಳದಲ್ಲಿ ಚುಚ್ಚಿದರೆ ಅಂಗಾಲಿನ ಪಟ್ಟಿಯ ನೋವು, ಅಂದರೆ ಪ್ಲಾಂಟರ್ ಫ್ಯಾಸಿಯೈಟಿಸ್. ಹಿಮ್ಮಡಿಯ ಮೇಲೆ ದಪ್ಪ ನರದಂತೆ ಕೈಗೆ ಸಿಗುವ ಅಕಿಲಿಸ್ ಬೆಳಿಗ್ಗೆ ಬಿಗಿದುಕೊಂಡಿದ್ದರೆ ಅದು ಅಕಿಲಿಸ್ ನೋವು. ಮೆಟ್ಟಿಲು ಇಳಿಯುವಾಗ ಮೊಣಕಾಲ ಚಿಪ್ಪಿನ ಸುತ್ತ ನೋವು ಬಂದರೆ ರನ್ನರ್ಸ್ ನೀ. ಪ್ರತಿ ಸಲ ಹೆಚ್ಚೂಕಡಿಮೆ ಅಷ್ಟೇ ದೂರ ಓಡಿದ ಮೇಲೆ ಮೊಣಕಾಲ ಹೊರಬದಿಗೆ ಹಿಡಿದುಕೊಂಡರೆ ತೊಡೆಯ ಹೊರಬದಿಯ ಪಟ್ಟಿಯ ನೋವು, ಅಂದರೆ ಐಟಿ ಬ್ಯಾಂಡ್. ಆದರೆ ತೊಡೆಯ ಸಂದಿನಲ್ಲಿ ನೋವಿದ್ದು, ಒಂಟಿ ಕಾಲ ಮೇಲೆ ಜಿಗಿದರೆ ಜಾಸ್ತಿಯಾಗುತ್ತದೆ ಅಂತಾದರೆ ಈ ಲೇಖನ ಇಲ್ಲಿಗೇ ಬಿಟ್ಟು ಎಲುಬಿನ ಡಾಕ್ಟರ್ ಹತ್ತಿರ ಹೋಗಿ. ಸೊಂಟದ ಕೀಲಿನ ಹತ್ತಿರದ ಬಿರುಕು ಬೆಳೆದರೆ ಆಪರೇಷನ್ ತನಕ ಹೋಗುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ತರಬೇತಿ ಜೋರಾದ ಮೇಲೆ ಮುಟ್ಟು ತಪ್ಪುತ್ತಿದ್ದರೆ, ಅದರ ಜೊತೆ ಎಲುಬಿನ ನೋವೂ ಇದ್ದರೆ, ಊಟ ಸಾಲುತ್ತಿಲ್ಲ ಅಂತ ಅರ್ಥ ಇರಬಹುದು. ಡಾಕ್ಟರಿಗೆ ಎರಡನ್ನೂ ಒಟ್ಟಿಗೆ ಹೇಳಿ. ಗಂಡಸರೂ ತೂಕ ಇಳಿಸಬೇಕು ಅಂತ ಜೋಳದ ರೊಟ್ಟಿ ಎಣಿಸುತ್ತ ಕೂತರೆ ಇದೇ ಗತಿ.

ಸುಮ್ಮನಿರುವುದು

ಹೆಂಡತಿಯ ಸಲಹೆಯಿಂದಲೇ ಶುರು ಮಾಡುತ್ತೇನೆ. ಅದು ನಾವು ತಿಳಿದಷ್ಟು ದಡ್ಡ ಸಲಹೆ ಅಲ್ಲ. ಓಟಗಾರರಿಗೆ ಒಂದು ಭಯ: ಎರಡು ವಾರ ಬಿಟ್ಟರೆ ಎಲ್ಲಾ ಹೋಯಿತು. ಹಾಗೇನಿಲ್ಲ. 1984ರಲ್ಲಿ ಅಮೆರಿಕದಲ್ಲಿ ಎಡ್ವರ್ಡ್ ಕೊಯ್ಲ್ ಮತ್ತವರ ಜೊತೆಗಾರರು ಚೆನ್ನಾಗಿ ಪಳಗಿದ ಆಟಗಾರರ ತರಬೇತಿ ಪೂರ್ತಿ ನಿಲ್ಲಿಸಿ ಅಳೆದರು. ದೇಹ ಆಮ್ಲಜನಕ ಬಳಸುವ ಶಕ್ತಿ ಮೂರು ವಾರದಲ್ಲಿ ಸುಮಾರು 7 ಶೇಕಡಾ ಇಳಿದಿತ್ತು, ಎಂಟು ವಾರಕ್ಕೆ ಸುಮಾರು 16. ಅಂದರೆ ಹತ್ತು ಹನ್ನೆರಡು ದಿನ ಸುಮ್ನೆ ಕೂತರೆ ಆಕಾಶ ಕಳಚಿ ಬೀಳುವುದಿಲ್ಲ. ಎರಡು ತಿಂಗಳು ಕೂತರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಹಾಗಾಗಿ ನನ್ನ ಮಟ್ಟಿಗೆ: ಸಣ್ಣ ನೋವಿಗೆ ಒಂದು ವಾರ ಪೂರ್ತಿ ವಿಶ್ರಾಂತಿ ಸಾಕು, ಬೇರೇನೂ ಹುಡುಕಬೇಡಿ. ಆದರೆ ಅಕಿಲಿಸ್‌ನಂಥ ನೋವಿಗೆ ಬರೀ ವಿಶ್ರಾಂತಿ ಕೆಲಸ ಮಾಡುವುದಿಲ್ಲ. ಸುಮ್ಮನಿದ್ದಾಗ ನೋವು ಹೋಗುತ್ತದೆ, ಓಡಿದ ಮೊದಲ ವಾರವೇ ವಾಪಸ್ ಬರುತ್ತದೆ. ಅದಕ್ಕೆ ಭಾರ ಬೇಕು. ಮೆಟ್ಟಿಲಿನ ಅಂಚಿಗೆ ನಿಂತು ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸುವ ವ್ಯಾಯಾಮ ಇದೆಯಲ್ಲ, 1998ರಲ್ಲಿ ಸ್ವೀಡನ್ನಿನ ಹೋಕನ್ ಆಲ್ಫ್ರೆಡ್‌ಸನ್ ತೋರಿಸಿದ್ದು: 15 ಸಲದ ಮೂರು ಸುತ್ತು, ದಿನಕ್ಕೆರಡು ಹೊತ್ತು, 12 ವಾರ. ಬೇಜಾರಿನ ಕೆಲಸ, ನಿಜ.

ಸೈಕಲ್

ನಮ್ಮ ಅವಳಿ ನಗರದಲ್ಲಿ ಎಲ್ಲಕ್ಕಿಂತ ಸುಲಭಕ್ಕೆ ಸಿಗುವ ದಾರಿ ಇದು. ಹೆಚ್ಚಿನ ಮನೆಗಳಲ್ಲಿ ಮಕ್ಕಳದ್ದೋ ತಮ್ಮಂದಿರದ್ದೋ ಒಂದು ಸೈಕಲ್ ಧೂಳು ತಿನ್ನುತ್ತ ನಿಂತಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಮೈ ತೂಕದ ಎರಡು ಮೂರು ಪಟ್ಟು ಹೊಡೆತ ನೆಲದಿಂದ ಕಾಲಿಗೆ ಬರುತ್ತದೆ. ಸೈಕಲ್ಲಿನಲ್ಲಿ ಆ ಹೊಡೆತವೇ ಇಲ್ಲ. ಎದೆಗೆ ಕೆಲಸ ಸಿಗುತ್ತದೆ, ಎಲುಬಿಗೆ ರಜೆ ಸಿಗುತ್ತದೆ. ಅಂಗಾಲು ನೋವಿಗೂ ಚೆನ್ನ, ನಡೆಯುವಾಗ ನೋಯುವುದು ನಿಂತ ಮೇಲೆ ಎಲುಬಿನ ಗಾಯಕ್ಕೂ ಚೆನ್ನ.

ತೊಂದರೆ ಎಲ್ಲಿ ಅಂದರೆ ಸೀಟಿನಲ್ಲಿ. ಮಗನ ಸೈಕಲ್ಲನ್ನು ಹಾಗೇ ಏರಿ ಹೊರಟರೆ ಮೊಣಕಾಲು ಜಾಸ್ತಿ ಮಡಚುತ್ತದೆ, ರನ್ನರ್ಸ್ ನೀ ಇದ್ದವರಿಗೆ ನೋವು ದುಪ್ಪಟ್ಟಾಗುತ್ತದೆ. ಪೆಡಲ್ ಕೆಳಗೆ ಬಂದಾಗ ಮೊಣಕಾಲು ಸ್ವಲ್ಪವೇ, ಸುಮಾರು 25ರಿಂದ 30 ಡಿಗ್ರಿ ಮಾತ್ರ, ಬಾಗಿರಬೇಕು. ಐಟಿ ಬ್ಯಾಂಡ್ ನೋವಿದ್ದರೆ ಸೈಕಲ್ ಬಗ್ಗೆ ಹುಷಾರು. ಕಾಲು ಮಡಚಿ ಬಿಡಿಸುವ ಅದೇ ಕೆಲಸ ಸಾವಿರಾರು ಸಲ ಆಗುತ್ತದೆ.

ಇನ್ನೊಂದು, ಸಮಯ. ಒಂದು ಗಂಟೆ ಓಡಿದಷ್ಟು ದಣಿಯಲು ನನಗೆ ಸೈಕಲ್ಲಿನ ಮೇಲೆ ಒಂದೂವರೆಯಿಂದ ಎರಡು ಗಂಟೆ ಬೇಕಾಗುತ್ತಿತ್ತು. ಅಷ್ಟು ಹೊತ್ತು ಹಳೇ ಪಿ.ಬಿ. ರಸ್ತೆಯ ಗದ್ದಲದಲ್ಲಿ ತುಳಿಯುವುದು ಸುಖ ಅಲ್ಲ. ಬೆಳಿಗ್ಗೆ ಐದಕ್ಕೆ ಹೊರಟು ಏಳರ ಒಳಗೆ ಮನೆ ಸೇರಿದರೆ ಪರವಾಗಿಲ್ಲ. ಧಾರವಾಡದವರಿಗೆ ಏರಿಳಿತ ಉಚಿತವಾಗಿ ಸಿಗುತ್ತದೆ, ಆದರೆ ಅಕಿಲಿಸ್ ನೋವಿದ್ದರೆ ಏರಿನಲ್ಲಿ ಎದ್ದು ನಿಂತು ತುಳಿಯಬೇಡಿ.

ನೀರು

ನನ್ನನ್ನು ಉಳಿಸಿದ್ದು ಇದು, ಅದಕ್ಕೇ ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಈಜುವುದಲ್ಲ, ನೀರಿನಲ್ಲಿ ಓಡುವುದು. ಕಾಲು ತಳಕ್ಕೆ ತಾಗದಷ್ಟು ಆಳ ಬೇಕು. ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು ನೆಟ್ಟಗೆ ನಿಂತು ಓಟದ ಹಾಗೇ ಕೈಕಾಲು ಆಡಿಸಬೇಕು. ನಮ್ಮ ಕಡೆ ಚಿಕ್ಕಂದಿನಲ್ಲಿ ಬಾವಿಯಲ್ಲಿ ಈಜು ಕಲಿಯುವಾಗ ಬೆಂಡು ಕಟ್ಟಿ ಬಿಡುತ್ತಿದ್ದರಲ್ಲ, ಅದೇ ಲೆಕ್ಕ. ಬೆಲ್ಟ್ ಕಟ್ಟಿಕೊಂಡು ಇಳಿದ ಮೊದಲ ದಿನ ನನಗೆ ನಮ್ಮ ಕಾಕಾನ ನೆನಪಾಯಿತು. ಹಿಂದಿನಿಂದ ದೂಡುವವರು ಮಾತ್ರ ಇರಲಿಲ್ಲ.

ಇದರಲ್ಲಿ ಕಾಲಿಗೆ ನೆಲದ ಹೊಡೆತ ಸೊನ್ನೆ, ಆದರೆ ಚಲನೆ ಓಟದ್ದೇ. ಅದಕ್ಕೇ ಎಲುಬಿನ ಗಾಯಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ. ಎರಡು ವಿಷಯ ಮೊದಲೇ ತಿಳಿದಿರಲಿ. ನೀರಿನಲ್ಲಿ ಅಷ್ಟೇ ದಣಿದರೂ ಎದೆಬಡಿತ ನೆಲದ ಮೇಲಿಗಿಂತ ನಿಮಿಷಕ್ಕೆ ಸುಮಾರು ಹತ್ತು ಕಡಿಮೆ ತೋರಿಸುತ್ತದೆ. ವಾಚ್ ನೋಡಿ "ಇವತ್ತು ಏನೂ ಆಗಲಿಲ್ಲ" ಅಂದುಕೊಳ್ಳಬೇಡಿ. ಎರಡನೆಯದು, ಒಂದೇ ವೇಗದಲ್ಲಿ ಮುಕ್ಕಾಲು ಗಂಟೆ ಆಡಿಸಿದರೆ ಬೇಜಾರಿನಿಂದಲೇ ಸಾಯುತ್ತೇವೆ. ಎರಡು ನಿಮಿಷ ಜೋರು, ಒಂದು ನಿಮಿಷ ನಿಧಾನ, ಹೀಗೆ ಹತ್ತು ಹನ್ನೆರಡು ಸಲ ಮಾಡಿ. ಮುಂದೆ ಬಾಗಿ ಕಾಲಿನಿಂದ ನೀರು ಒದೆಯತೊಡಗಿದರೆ ಅದು ಈಜಾಯಿತು, ಓಟ ಆಗಲಿಲ್ಲ.

ಕೊರತೆಯೂ ಇದೆ. ಈಜುಕೊಳ ಎಲ್ಲರ ಮನೆಗೆ ಹತ್ತಿರ ಇರುವುದಿಲ್ಲ. ಹತ್ತಿರ ಇದ್ದರೂ ಆಳದ ಬದಿಯಲ್ಲಿ ನೆಟ್ಟಗೆ ನಿಂತು ಕೈಕಾಲು ಆಡಿಸುವವನನ್ನು ಕಂಡರೆ ಈಜುವವರು ದಾರಿ ಬಿಡುವುದಿಲ್ಲ. ಮಧ್ಯಾಹ್ನದ ಖಾಲಿ ಹೊತ್ತು ಕೇಳಿಕೊಳ್ಳಿ. ಈಜು ಬಾರದವರು ಬೆಲ್ಟ್ ನಂಬಿಕೊಂಡು ಒಬ್ಬರೇ ಇಳಿಯಬೇಡಿ. ಕೆರೆಯಲ್ಲಂತೂ ಬೇಡವೇ ಬೇಡ. ತಿಂಗಳ ಫೀ ನಿಮ್ಮ ಜೇಬಿಗೆ ಭಾರ ಅನ್ನಿಸಿದರೆ ವಾರಕ್ಕೆ ಎರಡು ದಿನ ನೀರು, ಉಳಿದ ದಿನ ಸೈಕಲ್ ಅಂತ ಮಾಡಿಕೊಳ್ಳಬಹುದು. ನಾನು ಮಾಡಿದ್ದೂ ಅದನ್ನೇ.

ನಡಿಗೆ

ಇದನ್ನು ಎಲ್ಲರೂ ಕಡೆಗಣಿಸುತ್ತಾರೆ. ನಿಜಕ್ಕೂ ಇದು ಬದಲಿ ದಾರಿ ಅಲ್ಲ, ಓಟಕ್ಕೆ ವಾಪಸ್ ಹೋಗುವ ಬಾಗಿಲು. ಮೂವತ್ತು ನಿಮಿಷ ಬಿರುಸಾಗಿ ನಡೆದರೂ ನೋವಿಲ್ಲ, ಮರುದಿನವೂ ಇಲ್ಲ, ಅನ್ನುವ ತನಕ ಓಟದ ಮಾತೇ ಬೇಡ. ಇಲ್ಲಿ ಎಲ್ಲರೂ ಎಡವುತ್ತಾರೆ. ನೋವು ಹೋದ ದಿನವೇ ಬೂಟಿನ ಲೇಸು ಬಿಗಿಯುತ್ತಾರೆ.

ಗುಳಿಗೆ ಮತ್ತು ಎಣ್ಣೆ

ಚುಟುಕಾಗಿ ಹೇಳಿಬಿಡುತ್ತೇನೆ. ನೋವಿನ ಗುಳಿಗೆ ನುಂಗಿ ಓಡುವುದನ್ನು ಈ ಹೋಲಿಕೆಯಲ್ಲಿ ಸೇರಿಸುವುದೇ ಇಲ್ಲ. ನೋವು ಮುಚ್ಚಿಹೋಗುತ್ತದೆ, ಗಾಯ ಹಾಗೇ ಬೆಳೆಯುತ್ತದೆ. ಬೆವರು ಹರಿದು ನೀರು ಕಡಿಮೆಯಾದ ಹೊತ್ತಿನಲ್ಲಿ ಕಿಡ್ನಿಗೂ ಹೊರೆ. ಎಣ್ಣೆ ತಿಕ್ಕಿದರೆ ಮೀನಖಂಡ ಸಡಿಲ ಆಗುತ್ತದೆ, ಹಿತ ಅನ್ನಿಸುತ್ತದೆ. ಆದರೆ ನೋಯುವ ಎಲುಬಿನ ಮೇಲೇ ಒತ್ತಿ ತಿಕ್ಕಿಸಿಕೊಳ್ಳಬೇಡಿ. ಐಸ್ ಇಟ್ಟರೆ ನೋವು ಸ್ವಲ್ಪ ಹೊತ್ತು ಮರಗಟ್ಟುತ್ತದೆ, ಅಷ್ಟೇ. 1978ರಲ್ಲಿ ಐಸ್ ಮತ್ತು ವಿಶ್ರಾಂತಿಯ ಸೂತ್ರವನ್ನು ಜನಪ್ರಿಯ ಮಾಡಿದ ಅಮೆರಿಕದ ಡಾ. ಗೇಬ್ ಮಿರ್ಕಿನ್ ಅವರೇ ಮುಂದೆ, ಐಸ್‌ನಿಂದ ವಾಸಿಯಾಗುವುದು ತಡವಾಗಬಹುದು ಅಂತ ತಮ್ಮ ಮಾತು ತಿದ್ದಿಕೊಂಡರು.

ಮತ್ತೆ ಓಡುವಾಗ ಎಲ್ಲಿ ಓಡಬೇಕು?

ಮೊದಲ ತಿಂಗಳಿಗೆ ನನ್ನ ಮತ ಸುತ್ತು ಹಾಕುವ ಜಾಗಕ್ಕೆ. ತೋಳನಕೆರೆ ಆಗಬಹುದು, ಧಾರವಾಡದವರಿಗೆ ಯಾವುದಾದರೂ ಕಾಲೇಜು ಮೈದಾನ ಆಗಬಹುದು. ಕಾರಣ ಸರಳ. ನೋವು ಬಂದ ಕೂಡಲೇ ನಿಲ್ಲಬಹುದು, ಮನೆ ದೂರ ಇರುವುದಿಲ್ಲ. ಹೋಗಿ ಬರುವ ದಾರಿಯಲ್ಲಿ 4 ಕಿ.ಮೀ. ಹೋದ ಮೇಲೆ ನೋವು ಬಂದರೆ, ಆ 4 ಕಿ.ಮೀ. ವಾಪಸ್ ಬರಲೇಬೇಕು. ನಡೆದು ಬರುವ ತಾಳ್ಮೆ ಯಾರಿಗಿದೆ? ಓಡಿಯೇ ಬರುತ್ತೇವೆ, ಕೆಡಿಸಿಕೊಳ್ಳುತ್ತೇವೆ. ಮೈದಾನದಲ್ಲಿ ಒಂದೇ ದಿಕ್ಕಿಗೆ ಸುತ್ತಬೇಡಿ. ತಿರುವಿನಲ್ಲಿ ಒಂದು ಕಾಲಿಗೇ ಭಾರ ಬೀಳುತ್ತದೆ, ದಿನ ಬಿಟ್ಟು ದಿನ ದಿಕ್ಕು ಬದಲಿಸಿ.

ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಉದ್ದಕ್ಕೆ ಓಡಲೇಬೇಕು ಅನ್ನುವವರಿಗೆ ಒಂದು ಉಪಾಯ ಇದೆ, ಬೇರೆ ಊರಿನವರಿಗೆ ಇಲ್ಲದ್ದು. ಜೇಬಿನಲ್ಲಿ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನ ದುಡ್ಡು ಇಟ್ಟುಕೊಂಡು ಹೊರಡಿ. ಎಲ್ಲಿ ನೋವು ಬರುತ್ತದೋ ಅಲ್ಲಿಯ ನಿಲ್ದಾಣದಲ್ಲಿ ಹತ್ತಿ. ಬೆವರು ನಾತಕ್ಕೆ ಪಕ್ಕದವರು ಮುಖ ತಿರುಗಿಸುತ್ತಾರೆ, ತಿರುಗಿಸಲಿ. ರಸ್ತೆಯ ಅಂಚು ಒಂದು ಬದಿಗೆ ಇಳಿಜಾರಾಗಿರುತ್ತದೆ ಅನ್ನುವುದು ಮಾತ್ರ ನೆನಪಿರಲಿ. ಐಟಿ ಬ್ಯಾಂಡ್ ನೋವಿನವರಿಗೆ ಅದು ಆಗಿಬರುವುದಿಲ್ಲ.

ಮಣ್ಣು ಒಳ್ಳೇದು ಅಂತ ಎಲ್ಲರೂ ಹೇಳುತ್ತಾರೆ. ಯಾವ ಮಣ್ಣು, ಯಾವಾಗ ಅಂತ ಹೇಳುವುದಿಲ್ಲ. ಧಾರವಾಡದ ಕಡೆಯ ಕೆಂಪು ಮಣ್ಣು ಒಣಗಿದಾಗ ಕಾಲಿಗೆ ಹಿತ, ಜಿಟಿಜಿಟಿ ಮಳೆಯಲ್ಲಿ ಜಾರುಬಂಡೆ. ನವಲಗುಂದದ ಕಡೆ ಹೋದರೆ ಎರೆ ಮಣ್ಣು. ಮಳೆ ಬಿದ್ದರೆ ಒಂದೊಂದು ಬೂಟೂ ಸೇರು ತೂಗುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪಾದದ ಕೀಲು ಉಳುಕಿಸುತ್ತದೆ. ಗಾಯದಿಂದ ಎದ್ದವನಿಗೆ ಮೆತ್ತಗಿನ ಏರುಪೇರಿನ ನೆಲಕ್ಕಿಂತ ಸಮತಟ್ಟಾದ ಗಟ್ಟಿ ನೆಲವೇ ಎಷ್ಟೋ ವಾಸಿ.

ಬೆಟ್ಟದ ವಿಷಯ ಎಲ್ಲರಿಗೂ ಒಂದೇ ಅಲ್ಲ. ಏರುವಾಗ ಹೊಡೆತ ಕಡಿಮೆ, ಆದರೆ ಅಕಿಲಿಸ್ ಮತ್ತು ಮೀನಖಂಡಕ್ಕೆ ಎಳೆತ ಜಾಸ್ತಿ. ಇಳಿಯುವಾಗ ಮೊಣಕಾಲಿಗೂ ಮುಂದಿನ ಎಲುಬಿಗೂ ಪೆಟ್ಟು. ನನ್ನಂಥ ಗಾಯದವರು ನೃಪತುಂಗ ಬೆಟ್ಟ ಹತ್ತಿ ನಡೆದು ಇಳಿಯಬಹುದು. ಅಕಿಲಿಸ್‌ನವರು ಹತ್ತುವುದನ್ನೇ ಬಿಡಬೇಕು.

ಎಷ್ಟು ಓಡಬೇಕು ಅನ್ನುವುದಕ್ಕೆ ನಾನು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಶುರು ಮಾಡಿದೆ, ದಿನ ಬಿಟ್ಟು ದಿನ. ವಾರಕ್ಕೆ 10 ಶೇಕಡಾಕ್ಕಿಂತ ಜಾಸ್ತಿ ಏರಿಸಬಾರದು ಅನ್ನುವ ನಿಯಮ ನೀವೂ ಕೇಳಿರುತ್ತೀರಿ. ಅದನ್ನು ವೇದವಾಕ್ಯ ಅಂತ ಹಿಡಿಯಬೇಡಿ. 2008ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರ ಎರಡು ಗುಂಪು ಮಾಡಿ ನೋಡಿದಾಗ, 10 ಶೇಕಡಾ ನಿಯಮ ಪಾಲಿಸಿದವರಲ್ಲೂ ಪಾಲಿಸದವರಲ್ಲೂ ಐದರಲ್ಲೊಬ್ಬರಿಗೆ ಗಾಯ ಆಗಿತ್ತು. ನಾನು ನಂಬುವುದು ಮರುದಿನ ಬೆಳಗನ್ನು. ಹಾಸಿಗೆಯಿಂದ ಎದ್ದು ನೋಯುತ್ತಿದ್ದ ಜಾಗ ಒತ್ತಿ ನೋಡಿ. ನಿನ್ನೆಯಷ್ಟೇ ಅಥವಾ ಕಡಿಮೆ ಇದ್ದರೆ ಮುಂದಿನ ಹೆಜ್ಜೆ. ಜಾಸ್ತಿ ಇದ್ದರೆ ಒಂದು ಹೆಜ್ಜೆ ಹಿಂದೆ. ಅಕಿಲಿಸ್, ಅಂಗಾಲು ನೋವಿನವರು ಓಡುವಾಗ ಸಣ್ಣ ನೋವು ಸಹಿಸಬಹುದು, ಮರುದಿನಕ್ಕೆ ಇಳಿದಿದ್ದರೆ ಸರಿ. ಎಲುಬಿನ ಗಾಯದವರಿಗೆ ಆ ರಿಯಾಯಿತಿ ಇಲ್ಲ.

ಫುಲ್ಲೋ, ಹಾಫೋ, ಮುಂದಿನ ವರ್ಷವೋ

ಇಲ್ಲಿ ಎಲ್ಲರೂ ರೇಸಿನ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. "ಇನ್ನೂ 14 ವಾರ ಇದೆ, ಸಾಕಲ್ವಾ?" ಆ 14 ವಾರದಲ್ಲಿ ಆರು ವಾರ ಎಲುಬಿಗೇ ಸೇರಿದ್ದು ಅನ್ನುವುದನ್ನು ಮರೆತಿದ್ದೆ. ಎಣಿಕೆ ಶುರುವಾಗಬೇಕಾದದ್ದು ನೋವಿಲ್ಲದೆ ಅರ್ಧ ಗಂಟೆ ನಡೆದ ದಿನದಿಂದ. ಅಲ್ಲಿಂದ ಅರ್ಧ ಗಂಟೆ ನಿಲ್ಲದೆ ಓಡಲು ನನಗೆ ಐದು ವಾರ ಬೇಕಾಯಿತು. ಅದಾದ ಮೇಲೆ ಫುಲ್‌ಗೆ ಬೇಕಾದ 30 ಕಿ.ಮೀ. ಉದ್ದದ ಓಟಕ್ಕೆ ಮುಟ್ಟಲು ಕಡಿಮೆ ಅಂದರೂ ಹತ್ತು ವಾರ. ಅದು ರೇಸಿಗೆ ಮೂರು ವಾರ ಮೊದಲೇ ಮುಗಿದಿರಬೇಕು. ಒಟ್ಟು 18 ವಾರ. ಅಷ್ಟು ಇದ್ದರೆ ಫುಲ್ ಬಿಡಬೇಡಿ. 11, 12 ವಾರ ಇದ್ದರೆ ಹಾಫ್, 21 ಕಿ.ಮೀ. ಅದಕ್ಕೂ ಕಡಿಮೆ ಇದ್ದರೆ ಚಪ್ಪಾಳೆ ತಟ್ಟಲು ಹೋಗಿ.

ನಡುವೆ ಒಂದು ದಾರಿ ಇದೆ: ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಅಂತ ಮೊದಲ ಕಿಲೋಮೀಟರಿನಿಂದಲೇ ಹೋಗುವುದು. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಈ ಪದ್ಧತಿಯನ್ನು ಜನಪ್ರಿಯ ಮಾಡಿದರು. ದಣಿದ ಮೇಲೆ ನಡೆಯುವುದಲ್ಲ, ದಣಿಯುವ ಮೊದಲೇ ನಡೆಯುವುದು. ಮೊಣಕಾಲು, ಅಂಗಾಲು ನೋವಿನಿಂದ ಎದ್ದವರು ಹಾಫ್‌ಗೆ ಇದನ್ನು ಧೈರ್ಯವಾಗಿ ನಂಬಬಹುದು. ಎಲುಬಿಗೆ ಪೆಟ್ಟಾದವರು ಇದನ್ನೇ ನೆಪ ಮಾಡಿಕೊಂಡು ಫುಲ್‌ಗೆ ಇಳಿಯಬೇಡಿ. ನಡುನಡುವೆ ನಡೆದರೂ ಹೆಜ್ಜೆಗಳ ಲೆಕ್ಕ ಹತ್ತಾರು ಸಾವಿರವೇ.

ಫೀ ಕಟ್ಟಿದ್ದೇನೆ, ರೈಲು ಟಿಕೆಟ್ ಆಗಿದೆ ಅನ್ನುವುದು ಎಲ್ಲಕ್ಕಿಂತ ಕೆಟ್ಟ ಕಾರಣ. ಆದರೆ ಎಲ್ಲರೂ ಓಡುವುದು ಅದೇ ಕಾರಣಕ್ಕೆ. ಅದಕ್ಕೆ ನಾನು ಒಂದು ತಾರೀಖು ಗೊತ್ತು ಮಾಡಿದ್ದೆ. ಡಿಸೆಂಬರ್ ಕೊನೆಯ ಭಾನುವಾರ 12 ಕಿ.ಮೀ. ಓಡಬೇಕು, ಸೋಮವಾರ ಬೆಳಿಗ್ಗೆ ಎಲುಬು ಒತ್ತಿದರೆ ನೋಯಬಾರದು. ಹಾಗಾದರೆ ಮುಂಬೈಗೆ ಹೋಗಿ ಅರ್ಧ ದೂರ ಓಡಿ ಬದಿಗೆ ಸರಿಯುವುದು, ಇಲ್ಲದಿದ್ದರೆ ಹೋಗುವುದೇ ಇಲ್ಲ ಅಂತ. ಹೆಂಡತಿಯ ಮುಂದೆ ಹೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ, ಆಮೇಲೆ ಮಾತು ತಿರುಗಿಸಬಾರದು ನೋಡಿ.

ಭಾನುವಾರ 12 ಕಿ.ಮೀ. ಆಯಿತು, ಖುಷಿಯಿಂದಲೇ ಆಯಿತು. ಸೋಮವಾರ ಎದ್ದು ಬೆರಳು ಒತ್ತಿದೆ. ನೋವಿತ್ತು, ಸ್ವಲ್ಪ. ಎರಡು ಸಲ ಒತ್ತಿದೆ, ಜಾಗ ಬದಲಿಸಿ ಒತ್ತಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಹೆಂಡತಿ ಏನೂ ಅನ್ನಲಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ಎರಡು ಟಿಕೆಟ್ಟಿನಲ್ಲಿ ಒಂದನ್ನು ಕ್ಯಾನ್ಸಲ್ ಮಾಡಿದೆ. ಇನ್ನೊಂದರಲ್ಲಿ ಅವಳು ಮುಂಬೈಯಲ್ಲಿರುವ ತಂಗಿಯ ಮನೆಗೆ ಹೋಗಿ ನಾಲ್ಕು ದಿನ ಇದ್ದು ಬಂದಳು.